ಬೆಂಗಳೂರಿಗೆ ಹೋದ ಮೂರನೆಯ ಪ್ರತಿ

ಮೊನ್ನೆ ಮಡಿಕೇರಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನಗೂ ಅಲ್ಲಿನ ಯಂತ್ರಕ್ಕೂ ಅರ್ಧ ಗಂಟೆ ಹಣಾಹಣಿ ನಡೆಯಿತು. ಪಿಂಚಣಿ ಕಚೇರಿಯವರು ಹಳಬರ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾರಂತೆ. ನನ್ನ ಕೆಲಸ ಖಾಯಮಾದ ಆದೇಶವನ್ನು ಸ್ಕ್ಯಾನ್ ಮಾಡಿಸಿ ಕಳಿಸಬೇಕೆಂದು ಪತ್ರ ಬಂದಿತ್ತು. ಟ್ರಂಕಿನ ತಳದಲ್ಲಿ ಆದೇಶವೇನೋ ಸಿಕ್ಕಿತು. ಆದರೆ ಅದು ನಾಲ್ಕು ಪ್ರತಿಗಳಲ್ಲಿ ಕೊನೆಯದು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗುಲಾಬಿ ಹಾಳೆ, ಅದರ ಮೇಲೆ ಕಾರ್ಬನ್ನಿನ ನೀಲಿ ಮಬ್ಬು. ಅಂಗಡಿಯ ಹೆಣ್ಣುಮಗಳು ಅದನ್ನು ಗಾಜಿನ ಮೇಲೆ ಮಲಗಿಸಿ ಗುಂಡಿ ಒತ್ತಿದಳು. ಹೊರಗೆ ಬಂದದ್ದು ಬರೀ ಬಿಳಿ ಹಾಳೆ.

“ಅಜ್ಜ, ಇದ್ರಲ್ಲಿ ಎಂತದೂ ಇಲ್ವಲ್ಲ?” ಎಂದಳು.

ಇದೆ ಎಂದೆ. ಕಪ್ಪು ಹೆಚ್ಚಿಸಿದಳು. ಈ ಸಲ ಅಕ್ಷರಕ್ಕಿಂತ ಮೊದಲು ಹಾಳೆಯ ಮಡಿಕೆಗಳು, ಜಿರಲೆ ತಿಂದ ಅಂಚು, ಯಾರದೋ ಹೆಬ್ಬೆರಳಿನ ಕಲೆ ಎಲ್ಲ ಬಂದವು. ಇನ್ನಷ್ಟು ಹೆಚ್ಚಿಸಿದಾಗ ಪೂರ್ತಿ ಅಮಾವಾಸ್ಯೆ. ಪಾಪ, ಆಕೆಗೂ ಹಟ ಬಂತು. ಹಾಳೆಯ ಹಿಂದೆ ಬಿಳಿ ರಟ್ಟು ಇಟ್ಟು, ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಏನೇನೋ ತಿದ್ದಿದ ಮೇಲೆ ನನ್ನ ಹೆಸರು, ಒಂದು ಸಹಿ, ಎರಡು ತಾರೀಕು ಮಂಜಿನೊಳಗಿಂದ ಬಂದಂತೆ ಕಾಣಿಸಿಕೊಂಡವು. ತಾರೀಕುಗಳನ್ನು ನೋಡಿ ಆಕೆ, “ಸೇರಿ ಮೂರು ವರ್ಷ ಆದ್ಮೇಲೆ ಖಾಯಂ ಆದದ್ದಾ? ನಮ್ಮ ಅಪ್ಪನಿಗೆ ಎರಡೇ ವರ್ಷಕ್ಕೆ ಆಗಿತ್ತಂತೆ” ಎಂದಳು. ನನಗೆ ಒಂದು ವರ್ಷ ತಡವಾಯಿತು ಎಂದೆ. ಯಾಕೆ ಎಂದು ಆಕೆ ಕೇಳಲಿಲ್ಲ. ನೀವೂ ಕೇಳಿಲ್ಲ. ಆದರೂ ಹೇಳಬೇಕೆನಿಸಿದೆ.

ಮೊದಲು ಈ ಕಾರ್ಬನ್ ಪ್ರತಿಯ ವಿಷಯ ಒಂದಿಷ್ಟು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮೂರಿನ ತೋಡಿನ, ಎಂದರೆ ಸಣ್ಣ ಹಳ್ಳದ, ಬದಿಯಲ್ಲಿ ಒಂದು ಜಾತಿಯ ಜರಿಗಿಡ ಬೆಳೆಯುತ್ತಿತ್ತು. ಎಲೆಯ ಅಡಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ಚಿಕ್ಕಂದಿನಲ್ಲಿ ನಾನೂ ನನ್ನ ಅಕ್ಕನೂ ಆ ಎಲೆಯನ್ನು ಮುಂಗೈಗೆ ಇಟ್ಟು ಟಪ್ಪೆಂದು ಹೊಡೆದರೆ ಇಡೀ ಎಲೆ ಬೆಳ್ಳಿಯ ಹಚ್ಚೆಯಂತೆ ಚರ್ಮದ ಮೇಲೆ ಮೂಡುತ್ತಿತ್ತು. ಅದೇ ಎಲೆಯನ್ನು ಇನ್ನೊಮ್ಮೆ ಒತ್ತಿದರೆ ಸ್ವಲ್ಪ ಮಾಸಲು. ಮೂರನೆಯ ಸಲಕ್ಕೆ ನಡುವಿನ ದಂಟು, ಅಲ್ಲೊಂದು ಇಲ್ಲೊಂದು ಕಿರು ಎಲೆ, ಅಷ್ಟೇ. ಅಕ್ಕ ಯಾವಾಗಲೂ ಮೊದಲನೆಯ ಅಚ್ಚು ತನ್ನ ಕೈಗೆ ಹಾಕಿಕೊಂಡು ಮೂರನೆಯದನ್ನು ನನಗೆ ಬಿಡುತ್ತಿದ್ದಳು. ಸರ್ಕಾರಿ ನೌಕರಿಗೆ ನನ್ನ ಮೊದಲ ತರಬೇತಿ ಅದೇ ಇರಬೇಕು.

ಕಚೇರಿಯಲ್ಲೂ ಅದೇ ಆಟ. ಒಂದು ಫಾರಂ, ಅದರ ಅಡಿಗೆ ಕಾರ್ಬನ್, ಮತ್ತೆ ಫಾರಂ, ಮತ್ತೆ ಕಾರ್ಬನ್. ಹೀಗೆ ನಾಲ್ಕು ಫಾರಂ ಮೂರು ಕಾರ್ಬನ್ ಒಟ್ಟು ಮಾಡಿ, ಅಂಚು ಸರಿ ಮಾಡಿ, ಟೈಪ್ ಯಂತ್ರದ ಉರುಳೆಗೆ ಸುತ್ತಿ, ಕೀಲಿಯನ್ನು ಜೋರಾಗಿ ಕುಟ್ಟಬೇಕು. ಮೇಲಿನದು ಸ್ಪಷ್ಟ. ಕೆಳಗೆ ಹೋದಂತೆ ಅಕ್ಷರಕ್ಕೆ ಸುಸ್ತು. ಕಾಗದದ ಕಟ್ಟು ದಪ್ಪವಾದಷ್ಟೂ ಇನ್ನೊಂದು ಅಪಾಯ: ಉರುಳೆ ತಿರುಗುವಾಗ ಅಡಿಯ ಹಾಳೆಗಳು ಹಿಂದೆ ಉಳಿದುಬಿಡುತ್ತವೆ. ಮೇಲಿನ ಹಾಳೆಯಲ್ಲಿ ಹತ್ತನೆಯ ಸಾಲಿಗೆ ಬಿದ್ದ ಅಕ್ಷರ ಅಡಿಯದರಲ್ಲಿ ಒಂಬತ್ತನೆಯ ಸಾಲಿನ ಮೇಲೆ ಕುಳಿತಿರುತ್ತದೆ. ಮೇಲಿನದನ್ನು ಮಾತ್ರ ನೋಡುತ್ತಿರುವ ಟೈಪಿಸ್ಟಿಗೆ ಅದು ಗೊತ್ತಾಗುವುದು ಎಲ್ಲ ಮುಗಿದು ಹಾಳೆಗಳನ್ನು ಬಿಡಿಸಿದಾಗ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು ಅದು. ನಾನು ಮೂರ್ನಾಡಿನ ಕಡೆಯ ಗೌಡರ ಮನೆಯವನು. ಮನೆಯಲ್ಲಿ ಅರೆಭಾಷೆ, ಕಚೇರಿಯಲ್ಲಿ ಕನ್ನಡ, ಯಂತ್ರದ ಮೇಲೆ ಇಂಗ್ಲಿಷ್. ಮಡಿಕೇರಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ವರ್ಷ ತುಂಬಿರಲಿಲ್ಲ. ಯಾವ ಕಚೇರಿ ಎಂದು ಹೇಳುವುದಿಲ್ಲ. ಜಿಲ್ಲೆಯ ಡಿಸ್ಪೆನ್ಸರಿಗಳ ನೌಕರರ ಕಾಗದ ನಮ್ಮಲ್ಲಿಗೆ ಬರುತ್ತಿತ್ತು ಎಂದರೆ ಸಾಕು. ಬೆರಳಿನ ತುದಿಯೆಲ್ಲ ಸದಾ ನೀಲಿ. ಒಮ್ಮೆ ನೆಂಟರ ಮದುವೆಗೆ ಹೋಗಿದ್ದಾಗ ಕಿವಿ ತುರಿಸಿಕೊಂಡು, ಇಡೀ ದಿನ ಒಂದು ನೀಲಿ ಕಿವಿ ಹೊತ್ತುಕೊಂಡು ಗತ್ತಿನಿಂದ ಓಡಾಡಿದ್ದೆ. ಟೈಪಿಸ್ಟ್ ಎನ್ನುವ ಹೆಮ್ಮೆ ಹಾಗಿತ್ತು.

ನನ್ನ ಮೇಲಿನವರು ಹೆಡ್ ಗುಮಾಸ್ತ ಪೂವಯ್ಯನವರು. ಬಿಟ್ಟಂಗಾಲದ ಕೊಡವರು, ನಿವೃತ್ತಿಗೆ ಮೂರು ನಾಲ್ಕು ವರ್ಷ ಉಳಿದಿತ್ತು. ಕಾರ್ಬನ್ ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹೊಸದು ಬೇಕೆಂದರೆ ಹಳೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಬೆಳಕು ಜರಡಿಯಂತೆ ತೂರಿ ಬಂದರೆ ಮಾತ್ರ ಹೊಸದು. ಕೆಟ್ಟ ಮನುಷ್ಯರಲ್ಲ. ಜೋರಾಗಿ ಮಾತಾಡಿದವರೇ ಅಲ್ಲ. ಆದರೂ ಅವರ ಮೇಜಿನ ಮುಂದೆ ನಿಂತರೆ ಕಾಲು ತಾನಾಗಿ ಜೋಡಿಸಿಕೊಳ್ಳುತ್ತಿತ್ತು.

ರಾಜ್ಯ ದೊಡ್ಡದಾದ ಮೇಲೆ ಫಾರಂಗಳೂ ಹೆಚ್ಚಾದವು. ಅವುಗಳಲ್ಲಿ ಒಂದನ್ನು ನಾವು ಆಪ್ಷನ್ ಫಾರಂ ಎನ್ನುತ್ತಿದ್ದೆವು. ಅದರಲ್ಲಿ ಒಂದರ ಕೆಳಗೆ ಒಂದು ಎರಡು ಸಾಲು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮೊದಲನೆಯದು, ಇದೇ ಜಿಲ್ಲೆಯಲ್ಲಿ ಮುಂದುವರಿಯಲು ಇಷ್ಟ. ಎರಡನೆಯದು, ರಾಜ್ಯದ ಯಾವ ಜಿಲ್ಲೆಗಾದರೂ ಹೋಗಲು ಸಿದ್ಧ. ಬೇಡವಾದ ಸಾಲನ್ನು ಹೊಡೆದುಹಾಕಿ ಸಹಿ ಮಾಡಬೇಕು. ನಾಲ್ಕು ಪ್ರತಿ. ಮೊದಲನೆಯದು ನಮ್ಮಲ್ಲಿಯ ಸರ್ವಿಸ್ ರಿಜಿಸ್ಟರಿಗೆ, ಎರಡನೆಯದು ಮಡಿಕೇರಿಯ ಜಿಲ್ಲಾ ಡಾಕ್ಟರಿಗೆ, ಮೂರನೆಯದು ಬೆಂಗಳೂರಿಗೆ, ನಾಲ್ಕನೆಯದು ನೌಕರರಿಗೆ. ತೀರ್ಮಾನ ಮಾಡುವವರಿಗೆ ಮೂರನೆಯ ಮಸುಕು ಪ್ರತಿ ಯಾಕೆ ಎಂದು ನಾನು ಕೇಳಲಿಲ್ಲ. ಟೈಪಿಸ್ಟ್ ಕೇಳುವ ಪ್ರಶ್ನೆ ಅಲ್ಲ ಅದು.

ಒಂದು ಶನಿವಾರ ಸುಂಟಿಕೊಪ್ಪದ ಕಡೆಯಿಂದ ಕಲ್ಯಾಣಿಯಮ್ಮ ಬಂದರು. ಅಲ್ಲಿನ ಡಿಸ್ಪೆನ್ಸರಿಯಲ್ಲಿ ಹೆರಿಗೆ ನೋಡುವವರು. ಸುತ್ತಲಿನ ಎಸ್ಟೇಟುಗಳ ಲೈನ್ ಮನೆಗಳಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ, ಎಲ್ಲರಿಗೂ ಅವರು ನರ್ಸಮ್ಮ. ಮಲಯಾಳದವರ ಹತ್ತಿರ ಮಲಯಾಳ, ತಮಿಳರ ಹತ್ತಿರ ತಮಿಳು, ಉಳಿದವರ ಹತ್ತಿರ ಕನ್ನಡ. ನಲವತ್ತರ ಹತ್ತಿರದ, ಕಡಿಮೆ ಮಾತಿನ ಹೆಂಗಸು. ಗಂಡ ಚಾತು ಮರದ ಲಾರಿ ಓಡಿಸುತ್ತಿದ್ದರು. ಆರು ವರ್ಷದ ಹಿಂದೆ ಒಂದು ತಿರುವಿನಲ್ಲಿ ಲಾರಿ ಮಗುಚಿ ಬೆನ್ನು ಮುರಿದು, ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದರು. ಇದೆಲ್ಲ ಕಚೇರಿಗೆ ಗೊತ್ತಿದ್ದ ವಿಷಯವೇ. ಹಾಗಾಗಿ ಕಲ್ಯಾಣಿಯಮ್ಮ ಯಾವ ಸಾಲು ಹೊಡೆಸುತ್ತಾರೆ ಎಂದು ಕೇಳುವ ಅಗತ್ಯವೂ ಇರಲಿಲ್ಲ. ಎರಡನೆಯ ಸಾಲಿನ ಮೇಲೆ ಉದ್ದಕ್ಕೂ ಎಕ್ಸ್ ಅಕ್ಷರ ಕುಟ್ಟಿದೆ.

ಹಾಳೆಗಳನ್ನು ಬಿಡಿಸಿದಾಗ ನೋಡಿದೆ. ಮೇಲಿನ ಎರಡು ಸರಿಯಾಗಿದ್ದವು. ಅಡಿಯ ಎರಡು ಒಂದು ಸಾಲು ಜಾರಿದ್ದವು. ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಎಕ್ಸ್‌ಗಳ ಸಾಲು ಮೊದಲನೆಯ ವಾಕ್ಯದ ಮೇಲೆ ಬಿದ್ದಿತ್ತು. ಇದೇ ಜಿಲ್ಲೆ ಬೇಡ, ಯಾವ ಜಿಲ್ಲೆಗಾದರೂ ಹೋಗುತ್ತೇನೆ ಎಂದಾಗಿತ್ತು.

ನೋಡಿದೆ ಎಂದು ಒತ್ತಿ ಹೇಳುತ್ತಿದ್ದೇನೆ. ನೋಡಲಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೆ. ಸರಿಪಡಿಸಬೇಕಾದರೆ ಪೂವಯ್ಯನವರ ಹತ್ತಿರ ಹೋಗಿ ಮತ್ತೆ ನಾಲ್ಕು ಫಾರಂ ಕೇಳಬೇಕು, ಯಾಕೆ ಎಂದು ಹೇಳಬೇಕು, ಮತ್ತೆ ಮೊದಲಿನಿಂದ ಕುಟ್ಟಬೇಕು. ಅಂದು ಅರ್ಧ ದಿನದ ಕಚೇರಿ. ಮಧ್ಯಾಹ್ನ ಮೈದಾನದಲ್ಲಿ ಹಾಕಿ ಪಂದ್ಯವಿತ್ತು. ನಾನೇನು ಆಡುವವನಲ್ಲ. ಸ್ಟಿಕ್ ಹಿಡಿದರೆ ನನ್ನ ಕಣಕಾಲಿಗೇ ಹೊಡೆದುಕೊಳ್ಳುವವನು. ಗೆರೆಯ ಆಚೆ ನಿಂತು ಕೂಗುವುದಷ್ಟೇ ನನ್ನ ಪಾಲಿನ ಆಟ. ಆ ಕೂಗಾಟ ತಪ್ಪಿಹೋಗುತ್ತದಲ್ಲ ಎಂದು, ಮೇಲಿನದು ಸರಿಯಾಗಿದ್ದರೆ ಸಾಕು, ಅಡಿಯದನ್ನು ಯಾರು ಓದುತ್ತಾರೆ ಎಂದುಕೊಂಡೆ. ಕಲ್ಯಾಣಿಯಮ್ಮ ನಾಲ್ಕಕ್ಕೂ ಸಹಿ ಹಾಕಿದರು. “ಸರಿ ಉಂಟಲ್ವಾ ಸಾರ್?” ಎಂದು ಕೇಳಿದರು. ಸರಿ ಉಂಟು ಎಂದೆ. ತಮ್ಮ ಪ್ರತಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದರು. ನಾನು ಮೈದಾನಕ್ಕೆ ಓಡಿದೆ. ಯಾರು ಗೆದ್ದರೆಂದು ಈಗ ನೆನಪಿಲ್ಲ.

ನಾಲ್ಕೈದು ತಿಂಗಳ ನಂತರ ಬೆಂಗಳೂರಿನಿಂದ ಆದೇಶ ಬಂತು. ಕಲ್ಯಾಣಿಯಮ್ಮನವರನ್ನು ಅವರ ಇಚ್ಛೆಯಂತೆ ರಾಯಚೂರು ಜಿಲ್ಲೆಗೆ ವರ್ಗ ಮಾಡಲಾಗಿದೆ. ಅದರ ಪ್ರತಿ ಮಾಡಲು ಬಂದದ್ದು ನನ್ನ ಮೇಜಿಗೇ. ಎರಡೆರಡು ಸಲ ಓದಿದೆ. ಪೂವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು, “ಆ ಗಂಡನನ್ನು ಬಿಟ್ಟು ಇವರು ಯಾಕೆ ಹೀಗೆ ಬರೆದರು ಮಾರಾಯ? ಅವರ ರಿಜಿಸ್ಟರ್ ಒಮ್ಮೆ ತೆಗೆದು ನೋಡು” ಎಂದರು.

ನಾನು ಒಳಗಿನ ಕೋಣೆಗೆ ಹೋದೆ. ರಿಜಿಸ್ಟರ್ ತೆಗೆದೆ. ಮೊದಲ ಪ್ರತಿ ಅಲ್ಲೇ ಇತ್ತು, ಎಕ್ಸ್‌ಗಳು ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದ್ದವು. ಅದನ್ನು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಕೆಲಸ ಹೋದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು ಎಂಬುದೊಂದೇ ಆ ಗಳಿಗೆಯಲ್ಲಿ ತಲೆಯಲ್ಲಿದ್ದದ್ದು. ರಿಜಿಸ್ಟರ್ ಮುಚ್ಚಿಟ್ಟು ಹೊರಗೆ ಬಂದು, “ಆದೇಶದಲ್ಲಿ ಇದ್ದ ಹಾಗೇ ಇದೆ ಸಾರ್” ಎಂದೆ. ಅವರು ತಲೆಯಾಡಿಸಿ ಬೇರೆ ಕಾಗದ ಎತ್ತಿಕೊಂಡರು. ನನ್ನ ಮಾತನ್ನು ನಂಬಿದರು.

ಬಿಡುಗಡೆಯ ಕಾಗದ ತೆಗೆದುಕೊಳ್ಳಲು ಕಲ್ಯಾಣಿಯಮ್ಮ ಬಂದಾಗ ಜಗಳವಾಡುತ್ತಾರೆ, ನನ್ನ ಕಡೆ ಕೈ ತೋರಿಸುತ್ತಾರೆ ಎಂದು ಹೆದರಿ ಕುಳಿತಿದ್ದೆ. ಅವರು ಕೇಳಿದ್ದು ರಾಯಚೂರಿಗೆ ಎಷ್ಟು ದಿನದ ದಾರಿ, ವರ್ಷಕ್ಕೆ ಎರಡು ಸಲವಾದರೂ ರಜೆ ಸಿಗುತ್ತದೆಯೇ ಎಂದು. ಬಸ್ಸು, ಆಮೇಲೆ ಎರಡು ಮೂರು ರೈಲು ಬದಲಿಸಬೇಕು ಎಂದು ವಿವರಿಸಿದೆ. ಪಕ್ಕದ ಮನೆಯ ಹೆಂಗಸರು ಗಂಡನಿಗೆ ಊಟ ಕೊಟ್ಟು ನೋಡಿಕೊಳ್ಳಲು ಒಪ್ಪಿದ್ದಾರೆ ಎಂದು ಹೇಳಿದರು. ಕೆಲಸ ಬಿಡುವ ಹಾಗಿಲ್ಲ, ಮನೆ ನಡೆಯುವುದೇ ಅದರಿಂದ. ಹೊರಟವರು ಬಾಗಿಲಿನಿಂದ ತಿರುಗಿ ಬಂದರು. ಗಂಡನಿಗೆ ಬರೆಯಲು ಬರುವುದಿಲ್ಲ, ನಾನೇನಾದರೂ ಭಾನುವಾರ ಸುಂಟಿಕೊಪ್ಪದ ಸಂತೆಗೆ ಬರುವವನಾದರೆ ಅವರ ಪರವಾಗಿ ಒಂದು ಕಾಗದ ಬರೆದುಕೊಡಬಹುದೇ ಎಂದು ಕೇಳಿದರು. ನಾನು ಆ ಸಂತೆಗೆ ಎಂದೂ ಹೋದವನಲ್ಲ. ಪ್ರತಿ ವಾರ ಹೋಗುತ್ತೇನೆ ಎಂದೆ.

ಹಾಗೆ ಶುರುವಾದವು ನನ್ನ ಭಾನುವಾರಗಳು. ಬೆಳಿಗ್ಗೆಯ ಬಸ್ಸಿಗೆ ಸುಂಟಿಕೊಪ್ಪ. ಸಂತೆಗೆ ಬಂದ ಎಸ್ಟೇಟಿನವರ ಗುಂಪು ದಾಟಿ, ಹಿಂದಿನ ಓಣಿಯ ಹೆಂಚಿನ ಸಣ್ಣ ಮನೆ. ಚಾತು ದೊಡ್ಡ ಆಳು. ಮೇಲಿನ ಅರ್ಧ ಈಗಲೂ ಲಾರಿ ಎತ್ತುವಂತಿತ್ತು, ಕೆಳಗಿನ ಅರ್ಧ ಕಂಬಳಿಯ ಅಡಿಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಸಣಕಲು. ನನ್ನನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ಸಾಲಿಗೆ ಸೇರಿಸಿ “ರೈಟರೇ” ಎಂದು ಕರೆಯುತ್ತಿದ್ದರು. ಮೊದಲ ದಿನವೇ ಒಂದು ಷರತ್ತು ಹಾಕಿದರು. ಬರೆದದ್ದರ ನಕಲು ಒಂದು ತನ್ನ ಹತ್ತಿರ ಇರಬೇಕು. ಹೇಳಿದ್ದನ್ನೇ ಮತ್ತೆ ಹೇಳಿದರೆ ಹೆಂಡತಿಗೆ ಬೇಸರವಾಗುತ್ತದೆ, ಓದಲು ಬರದಿದ್ದರೂ ನಾನು ಬಂದಾಗ ಓದಿಸಿಕೊಂಡು ಮುಂದಿನದನ್ನು ಹೇಳಬಹುದು. ಪೂವಯ್ಯನವರು ಬಿಸಾಕಿದ ಜರಡಿಯಂಥ ಕಾರ್ಬನ್‌ಗಳನ್ನೇ ಒಯ್ದು ನಕಲು ಮಾಡಿಕೊಟ್ಟೆ.

ಅವರು ಹೇಳಿ ಬರೆಸುತ್ತಿದ್ದ ಕಾಗದಗಳಲ್ಲಿ ತಮ್ಮ ಕಷ್ಟದ ಮಾತು ಒಂದೂ ಇರುತ್ತಿರಲಿಲ್ಲ. ಕಾಫಿ ಹೂ ಬಿಟ್ಟಿದೆ, ಕಿಟಕಿಗೆ ವಾಸನೆ ಬರುತ್ತಾ ಇದೆ. ಕೆಂಪು ಕೋಳಿ ಮರಿ ಮಾಡಿದೆ. ಮಡಿಕೇರಿಯಿಂದ ಮಂಗಳೂರಿನವರೆಗಿನ ತಿರುವುಗಳನ್ನು ಇವತ್ತು ಮನಸ್ಸಿನಲ್ಲಿ ಎಣಿಸಿದೆ, ಎರಡು ಮರೆತುಹೋಗಿದೆ. ಅಲ್ಲಿ ನೀರು ಉಪ್ಪಂತೆ, ಕಾಯಿಸಿ ಕುಡಿ. ಬರೆಯುವುದು ಮುಗಿದ ಮೇಲೆ ನಾನು ಅವರ ಮಗ್ಗುಲು ಬದಲಿಸಲು, ಬೆನ್ನು ಒರೆಸಲು ಕಲಿತೆ. ಹಾಸಿಗೆಗೆ ಒತ್ತಿ ಬೆನ್ನಿನಲ್ಲಿ ಹುಣ್ಣಾಗತೊಡಗಿತ್ತು. ಕಲ್ಯಾಣಿಯಮ್ಮ ಇದ್ದಾಗ ಆರು ವರ್ಷದಲ್ಲಿ ಒಂದೂ ಆಗಿರಲಿಲ್ಲವಂತೆ. ಅದನ್ನು ಬರೆಯಲೇ ಎಂದು ಕೇಳಿದರೆ ಕೈಯಾಡಿಸಿ ಬೇಡ ಎಂದರು. ಲೈನುಗಳಲ್ಲಿ ಮಾತ್ರ ಜನ ಬೇರೆ ಮಾತಾಡುತ್ತಿದ್ದರು. ನರ್ಸಮ್ಮ ತಾನಾಗಿಯೇ ಬರೆದುಕೊಟ್ಟು ಹೋದಳಂತೆ, ಸರ್ಕಾರಿ ಕಾಗದದಲ್ಲೇ ಹಾಗೆ ಇದೆಯಂತೆ. ಕಲ್ಯಾಣಿ ಹಾಗೆ ಮಾಡುವವಳಲ್ಲ ಎಂದು ಚಾತು ಹೇಳುತ್ತಿದ್ದರು. ಆದರೆ ಸಹಿ ಅವಳದೇ ಅಲ್ಲವೇ ಎಂದೂ ಹೇಳುತ್ತಿದ್ದರು. ನಾನು ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಹೋಗುತ್ತಿದ್ದೆ.

ಜುಲೈ ತಿಂಗಳ ಒಂದು ಭಾನುವಾರ. ನಾನು ಕಾಗದ, ಕಾರ್ಬನ್ ಜೋಡಿಸಿಕೊಂಡು ಕುಳಿತೆ. ಚಾತು ಕೈ ಅಡ್ಡ ಹಿಡಿದು, “ಈಗ ಹೇಳೋದನ್ನ ಬರೀಬೇಡಿ ರೈಟರೇ. ಅವಳು ಅಲ್ಲಿ ಒಬ್ಬಳೇ ಉಂಟು” ಎಂದರು.

ಮನೆಯ ಹಿಂದುಗಡೆಯ ಎಸ್ಟೇಟಿನ ಲೈನಿನಲ್ಲಿ ಲಚ್ಚಮಿ ಎಂಬವಳಿಗೆ ಆ ವಾರ ಹೆರಿಗೆ ನೋವು ಬಂದಿತ್ತು. ಚೊಚ್ಚಲು. ಮಗು ಅಡ್ಡ ತಿರುಗಿತ್ತು. ಕಲ್ಯಾಣಿಯಮ್ಮನ ಬದಲಿಗೆ ಬರಬೇಕಾದವರು ಇನ್ನೂ ಬಂದಿರಲಿಲ್ಲ. ಮಡಿಕೇರಿಗೆ ಒಯ್ಯೋಣವೆಂದರೆ ಮಳೆಗೆ ಎಸ್ಟೇಟಿನ ರಸ್ತೆ ಕುಸಿದಿತ್ತು. ಹಗಲಿಡೀ ಕಾದು, ಆಮೇಲೆ ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ದೊಡ್ಡ ರಸ್ತೆಗೆ ತಂದರು. ಲಚ್ಚಮಿ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು. ಅಡ್ಡ ತಿರುಗಿದ ಮಕ್ಕಳನ್ನು ಕಲ್ಯಾಣಿ ಹೊಟ್ಟೆಯ ಮೇಲಿಂದಲೇ ಕೈಯಾಡಿಸಿ ಸರಿ ಮಾಡುತ್ತಿದ್ದಳು, ಅಂಥವರು ನಾಲ್ಕೈದು ಮಂದಿ ಈ ಸಂತೆಯಲ್ಲೇ ಓಡಾಡಿಕೊಂಡಿದ್ದಾರೆ ಎಂದು ಚಾತು ಹೇಳಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಅಂದು ಬೆನ್ನು ಒರೆಸದೆಯೇ ಬಂದುಬಿಟ್ಟೆ.

ಸೋಮವಾರ ಬೆಳಿಗ್ಗೆ ಪೂವಯ್ಯನವರು ಬರುವ ಮೊದಲೇ ಸರ್ವಿಸ್ ರಿಜಿಸ್ಟರನ್ನು ಅವರ ಮೇಜಿನ ಮೇಲೆ ತೆರೆದಿಟ್ಟು ನಿಂತಿದ್ದೆ. ಅವರು ಬಂದು, ಕೊಡೆ ಮೂಲೆಗೆ ಒರಗಿಸಿ, ಕುಳಿತು, ಆ ಹಾಳೆಯನ್ನು ಓದಿದರು. ಆಮೇಲೆ ಡಾಕ್ಟರ ಪ್ರತಿ ತರಿಸಿ ಅದನ್ನೂ ಓದಿದರು. ನಾನು ಎಲ್ಲ ಹೇಳಿದೆ. ಶನಿವಾರದ ವಿಷಯ, ಹಾಕಿ ಪಂದ್ಯ, ರಿಜಿಸ್ಟರ್ ನೋಡಿಯೂ ಸುಳ್ಳು ಹೇಳಿದ್ದು, ಲಚ್ಚಮಿಯ ಮಗು. ಕೊನೆಗೆ, “ನಾನು ನಿನ್ನನ್ನ ಕೇಳಿದ್ದೆ ಅಲ್ವಾ” ಎಂದರು. ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಸಮಜಾಯಿಷಿ ಬರೆದುಕೊಡಲು ಹೇಳಿದರು. ನಾನೇ ಟೈಪ್ ಮಾಡಬೇಕು, ನಾಲ್ಕು ಪ್ರತಿ. ಬೀರುವಿನ ಬೀಗ ತೆಗೆದು ಕೇಳದೆಯೇ ಮೂರು ಹೊಸ ಕಾರ್ಬನ್ ಕೊಟ್ಟರು. ನನ್ನ ತಪ್ಪನ್ನು ನಾನೇ ಕುಟ್ಟುತ್ತಾ ಕುಳಿತೆ. ಉರುಳೆ ತಿರುಗಿಸುವಾಗಲೆಲ್ಲ ಅಡಿಯ ಹಾಳೆ ಜಾರಿತೇ ಎಂದು ಎತ್ತಿ ಎತ್ತಿ ನೋಡಿದೆ. ನನ್ನ ಜೀವನದಲ್ಲಿ ಅಷ್ಟು ಸ್ವಚ್ಛವಾದ ನಾಲ್ಕು ಪ್ರತಿ ಮತ್ತೆ ತೆಗೆದಿಲ್ಲ. ಒಯ್ದು ಕೊಟ್ಟಾಗ ಪೂವಯ್ಯನವರು ಪೆನ್ನು ತೆಗೆದು ನಾಲ್ಕರ ಅಡಿಯಲ್ಲೂ ಬೇರೆಬೇರೆಯಾಗಿ ಒಂದು ವಾಕ್ಯ ಬರೆದರು. ರಿಜಿಸ್ಟರನ್ನು ತಾವೇ ತೆಗೆದು ನೋಡಬೇಕಾಗಿತ್ತು, ನೋಡದೆ ಇದ್ದದ್ದು ತಮ್ಮ ಲೋಪ ಎಂದು. ಬೇಡ ಸಾರ್ ಎಂದೆ. ಅವರು ಹೀರುಗಾಗದದಿಂದ ಮಸಿ ಒತ್ತಿ, ಲಕೋಟೆಗೆ ಹಾಕಿದರು. ಈ ಸಲ ಬೆಂಗಳೂರಿಗೆ ಮೊದಲನೆಯ ಪ್ರತಿ ಹೋಯಿತು. ನನ್ನ ಪ್ರೊಬೇಷನ್ ಒಂದು ವರ್ಷ ಮುಂದೆ ಹೋಯಿತು, ರಿಜಿಸ್ಟರಿನಲ್ಲಿ ಒಂದು ಷರಾ ಬಿತ್ತು. ಪೂವಯ್ಯನವರ ರಿಜಿಸ್ಟರಿನಲ್ಲೂ ಬಿತ್ತು. ಅಷ್ಟು ವರ್ಷದ ಅವರ ಸೇವೆಯಲ್ಲಿ ಅದೊಂದೇ.

ವರ್ಗಾವಣೆ ರದ್ದಾಗಿ ಬರಲು ಇನ್ನೂ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳೂ ಭಾನುವಾರ ತಪ್ಪಿಸಲಿಲ್ಲ. ಆದರೆ ಚಾತುವಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ರದ್ದತಿಗೆ ಬರೆದಿದ್ದೇವೆ ಎಂದಷ್ಟೇ ಹೇಳಿದ್ದೆ. ಅದೇ ತಪ್ಪಾಯಿತು. ನಮ್ಮ ರೈಟರು ಕಲ್ಯಾಣಿಯನ್ನು ವಾಪಸು ಕರೆಸುತ್ತಿದ್ದಾರೆ ಎಂದು ಅವರು ಕಿಟಕಿಯಿಂದಲೇ ಇಡೀ ಸಂತೆಗೆ ಸುದ್ದಿ ಮಾಡಿದರು. ನಾನು ಓಣಿಯಲ್ಲಿ ಬರುವುದು ಕಂಡರೆ ಹೆಂಗಸರು ಎದ್ದು ನಿಲ್ಲತೊಡಗಿದರು. ಡಿಸೆಂಬರಿನಲ್ಲಿ ಯಾರೋ ಒಬ್ಬಾಕೆ ಒಂದು ಚೀಲ ಕಿತ್ತಳೆ ತಂದುಕೊಟ್ಟು ಕೈಮುಗಿದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕಾಲಿನ ನಡುವೆ ಚೀಲ ಇಟ್ಟುಕೊಂಡು ಬಂದು, ರೂಮಿನಲ್ಲಿ ಮೂಲೆಗೆ ಇಟ್ಟೆ. ಒಂದನ್ನೂ ತಿನ್ನಲಾಗದೆ ಎಲ್ಲ ಬೂಸಲು ಹಿಡಿದು ಹೋದವು.

ಜನವರಿಯಲ್ಲಿ ಕಲ್ಯಾಣಿಯಮ್ಮ ಬಂದರು. ಹತ್ತು ದಿನ ಬಿಟ್ಟು ಭಾನುವಾರ ನಾನು ಹೋದೆ. ಅವರು ಬಿಸಿಲಿಗೆ ಕರಗಿ ಅರ್ಧವಾಗಿದ್ದರು. ನನಗೆಂದು ಒಂದು ಗಂಟು ಶೇಂಗಾ ತಂದಿಟ್ಟಿದ್ದರು. ಗಂಡನನ್ನು ಮಗ್ಗುಲಿಗೆ ತಿರುಗಿಸಿ ಹುಣ್ಣು ತೊಳೆಯುತ್ತಾ, ನಿಮ್ಮಂಥವರು ಒಬ್ಬರು ಆಫೀಸಿನಲ್ಲಿ ಇದ್ದದ್ದಕ್ಕೆ ನಾನು ಬಂದೆ ಎಂದರು. ಆ ಗಂಟು ಕೈಯಲ್ಲಿ ಹಿಡಿದುಕೊಂಡು ಇನ್ನು ಸುಮ್ಮನಿರಲಾಗಲಿಲ್ಲ. ಅದನ್ನು ಕೆಳಗಿಟ್ಟು, ಪೂವಯ್ಯನವರಿಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ.

ಕಲ್ಯಾಣಿಯಮ್ಮನ ಕೈ ನಿಲ್ಲಲಿಲ್ಲ. ಹತ್ತಿ ಅದ್ದಿ ಒರೆಸುತ್ತಲೇ ಇದ್ದರು. ನನ್ನ ಮಾತು ಮುಗಿದ ಮೇಲೆ ಹೇಳಿದರು. “ನಂಗೆ ಕಂಡಿತ್ತು ಸಾರ್. ಅವತ್ತು ಬಸ್ಸಲ್ಲೇ ಬಿಡಿಸಿ ನೋಡಿದ್ದೆ. ಬೇಕಾದ್ದರ ಮೇಲೇ ಗೀಟು ಬಿದ್ದಿತ್ತು. ಇಂಗ್ಲಿಷ್ ಅಲ್ವಾ, ನಾನೇ ಓದೋದು ತಪ್ಪಿರ್ಬೇಕು ಅಂದ್ಕೊಂಡೆ. ಮಿಷನ್ನಲ್ಲಿ ಬರೆಯೋರಿಗೆ ತಪ್ತದಾ ಅಂತ.”

ಚಾತು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅಲ್ಲಿಂದಲೇ, “ನೀವು ವಾರ ವಾರ ಬಂದದ್ದು ಅದಕ್ಕಾ ರೈಟರೇ?” ಎಂದು ಕೇಳಿದರು.

“ಮೊದಮೊದಲು ಅದಕ್ಕೇ” ಎಂದೆ. ಆಮೇಲೆ ಯಾಕೆ ಬಂದೆ ಎಂದು ಹೇಳುವ ಬದಲು ಬಕೆಟ್ಟಿನ ನೀರು ಬದಲಿಸಿ ತಂದಿಟ್ಟು ಕುಳಿತೆ.

ಕಲ್ಯಾಣಿಯಮ್ಮ ಹುಣ್ಣಿಗೆ ಮದ್ದು ಹಾಕಿ, ಬಟ್ಟೆ ಕಟ್ಟಿ, ಕೈ ತೊಳೆದು ಬಂದರು. ಇಷ್ಟಕ್ಕೇ ಮುಗಿಯಿತು, ಇನ್ನು ಹೋಗು ಎನ್ನುತ್ತಾರೆ ಎಂದುಕೊಂಡು ಎದ್ದೆ. “ಲಚ್ಚಮಿಗೆ ಹೇಳಿದ್ರಾ?” ಎಂದರು. ಇಲ್ಲವೆಂದೆ. “ಬನ್ನಿ” ಎಂದು ಚಪ್ಪಲಿ ಮೆಟ್ಟಿದರು.

ಓಣಿ ದಾಟಿ ಎಸ್ಟೇಟಿನ ಒಳಗಿನ ಕಾಲುದಾರಿಗೆ ಇಳಿದೆವು. ಕಾಫಿ ಗಿಡಗಳಲ್ಲಿ ಹಣ್ಣು ಕೆಂಪಗಿತ್ತು. ರಜೆಯ ದಿನವಾದ್ದರಿಂದ ಪಿಕ್ಕಿಂಗ್ ಇರಲಿಲ್ಲ. ಅವರು ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ ತಿರುಗಿ ನೋಡದೆಯೇ, ತಾವು ಬಂದ ದಿನವೇ ಮಗುವಿನ ವಿಷಯ ಹೆಂಗಸರು ಹೇಳಿದರೆಂದೂ, ಲಚ್ಚಮಿ ಮಾತ್ರ ತಮ್ಮ ಮುಖ ನೋಡುತ್ತಿಲ್ಲ, ಎದುರು ಸಿಕ್ಕರೆ ದಾರಿ ಬಿಟ್ಟು ಹೋಗುತ್ತಾಳೆಂದೂ ಹೇಳಿದರು.

ಲೈನಿನ ಕೊನೆಯ ಮನೆ. ಲಚ್ಚಮಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಇಪ್ಪತ್ತು ವರ್ಷವೂ ಆಗಿರದ ಹುಡುಗಿ. ನಾನು ಅವಳನ್ನು ಅದುವರೆಗೆ ನೋಡಿರಲೇ ಇಲ್ಲ. ಕಲ್ಯಾಣಿಯಮ್ಮನನ್ನು ಕಂಡು ಮೊರ ಎತ್ತಿಕೊಂಡು ಒಳಗೆ ಹೊರಟಳು. “ಇವರ ಮಾತು ಕೇಳು, ಆಮೇಲೆ ಹೋಗು” ಎಂದರು ಕಲ್ಯಾಣಿಯಮ್ಮ.

ನಾನು ಹೇಳಿದೆ. ಬಹಳ ಕೆಟ್ಟದಾಗಿ ಹೇಳಿದೆ. ಫಾರಂ, ಕಾರ್ಬನ್, ಮೂರನೆಯ ಪ್ರತಿ, ಒಂದು ಸಾಲು ಎಂದೆಲ್ಲ ಕಚೇರಿಯ ಮಾತುಗಳೇ ಬಾಯಿಗೆ ಬಂದವು. ಅವಳಿಗೆ ಅರ್ಥವಾಗುತ್ತಿಲ್ಲವೆಂದು ಗೊತ್ತಾಗಿ, ಎಲ್ಲ ಬಿಟ್ಟು, ನರ್ಸಮ್ಮ ಇಲ್ಲೇ ಇರುತ್ತೇನೆ ಎಂದೇ ಹೇಳಿದ್ದರು, ನಾನು ತಪ್ಪು ಮಾಡಿದೆ, ಗೊತ್ತಿದ್ದೂ ಸುಮ್ಮನಿದ್ದೆ, ಅದರಿಂದ ಅವರು ಹೋಗಬೇಕಾಯಿತು ಎಂದೆ. ಕಲ್ಯಾಣಿಯಮ್ಮ ನನ್ನ ನೆರವಿಗೆ ಬರಲಿಲ್ಲ.

ಲಚ್ಚಮಿ ಮೊರವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಕಲ್ಯಾಣಿಯಮ್ಮನನ್ನು ನೋಡಿ, “ಹಾಗಾದ್ರೆ ನೀವಾಗಿ ನೀವು ಬಿಟ್ಟು ಹೋದದ್ದಲ್ವಾ ನರ್ಸಮ್ಮ?” ಎಂದಳು.

“ಅಲ್ಲ ಮಗಳೇ” ಎಂದರು ಅವರು.

ಲಚ್ಚಮಿ ನಿಧಾನವಾಗಿ ಮತ್ತೆ ಮೆಟ್ಟಿಲ ಮೇಲೆ ಕುಳಿತಳು. ಮೊರವನ್ನು ಮಡಿಲಿಗಿಟ್ಟುಕೊಂಡು ಒಂದೆರಡು ಕಲ್ಲು ಆರಿಸಿ ಎಸೆದಳು. ಆಮೇಲೆ ಸ್ವಲ್ಪ ಸರಿದು ಮೆಟ್ಟಿಲಲ್ಲಿ ಜಾಗ ಮಾಡಿದಳು. ಕಲ್ಯಾಣಿಯಮ್ಮ ಅವಳ ಪಕ್ಕ ಕುಳಿತು ಮೊರದ ಈ ಅಂಚನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಇಬ್ಬರೂ ತಲೆ ತಗ್ಗಿಸಿ ಅಕ್ಕಿ ಆರಿಸತೊಡಗಿದರು. ನನಗೆ ಇರು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಬಂದ ಕಾಲುದಾರಿಯಲ್ಲೇ ಬಸ್ಸಿನ ಕಡೆ ನಡೆದೆ.